ಸದ್ದು ಎಲ್ಲಿ ನಿಂತಿದೆ: ಮಂಡ್ಯ ಸೀಮೆಯ ರಿಪೇರಿ ಕಸುಬಿನ ಕಥೆ

ಮಳವಳ್ಳಿ ತಾಲ್ಲೂಕಿನ ಎಷ್ಟೋ ಹಳ್ಳಿಗಳಿಗೆ ಕರೆಂಟಿಗಿಂತ ಮೊದಲು ರೇಡಿಯೋ ಬಂತು. ಶಿವನಸಮುದ್ರದ ವಿದ್ಯುದಾಗಾರ ಇರುವುದು ಅದೇ ತಾಲ್ಲೂಕಿನಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಯಾದ ಆ ಕೆಲಸ ಮುಗಿದು, 1902ರ ಜೂನ್ ಕೊನೆಯಲ್ಲಿ ಕಾವೇರಿಯ ಕರೆಂಟು 92 ಮೈಲಿ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ತಂತಿ ಹಾದುಹೋದ ಹೊಲಗಳ ಪಕ್ಕದ ಊರುಗಳಲ್ಲಿ ಮಾತ್ರ ಇನ್ನೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಆ ಬುಡ್ಡಿ ಬೆಳಕಿನಲ್ಲೇ, ಪಂಚಾಯ್ತಿ ಕಟ್ಟೆಯ ಮೇಲೋ ಪಟೇಲರ ಹಜಾರದಲ್ಲೋ, ಬ್ಯಾಟರಿ ಸೆಟ್ಟಿನ ಸುತ್ತ ಜನ ಕೂತು ವಾರ್ತೆ ಕೇಳಿದರು.

ಮಂಡ್ಯದ ಚರಿತ್ರೆ ಬರೆಯುವವರು ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಸಕ್ಕರೆ ಕಾರ್ಖಾನೆ, 1938ರ ಶಿವಪುರದ ಧ್ವಜ ಸತ್ಯಾಗ್ರಹ, ಇವನ್ನೆಲ್ಲ ಬರೆದಿದ್ದಾರೆ. ಬರೆಯಲೇಬೇಕಾದ ಸಂಗತಿಗಳು ಅವು. ಅವುಗಳ ಜೊತೆಗೆ ಇನ್ನೊಂದು ಸಣ್ಣ ಕಸುಬಿನ ಕಥೆಯನ್ನೂ ಸೇರಿಸಬೇಕೆಂದು ನನಗೆ ಬಹಳ ದಿನದಿಂದ ಆಸೆ. ಮೂಕವಾದ ಪೆಟ್ಟಿಗೆಯನ್ನು ಮತ್ತೆ ಮಾತಾಡಿಸುವ ಕಸುಬು ಅದು. ನಮ್ಮಪ್ಪ ಮಂಡ್ಯದಲ್ಲಿ ರೇಡಿಯೋ ರಿಪೇರಿ ಮಾಡಿದರು. ನಾನು ಮದ್ದೂರಿನಲ್ಲಿ ಟೇಪ್ ರೆಕಾರ್ಡರಿನಿಂದ ಶುರುಮಾಡಿ ಇವತ್ತು ಲ್ಯಾಪ್‌ಟಾಪ್‌ವರೆಗೆ ಬಂದಿದ್ದೇನೆ. ತಂಗಿಯನ್ನು ಕೊಟ್ಟಿರುವ ಮಳವಳ್ಳಿಯ ಮನೆಯವರದು ಮೈಕ್ ಸೆಟ್ಟಿನ ವ್ಯಾಪಾರ. ಹಾಗಾಗಿ ಈ ಮೂರೂ ಊರಿನ ಸದ್ದಿನ ಲೆಕ್ಕ ನಮ್ಮ ಮನೆಯಲ್ಲೇ ಇದೆ.

ವಾಲ್ವ್ ಕಾಲ

ನಮ್ಮ ಸೀಮೆಗೆ ರೇಡಿಯೋ ಹತ್ತಿರವಾದದ್ದು ಮೈಸೂರಿನಿಂದ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಮೊದಲು ಇದ್ದದ್ದು 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್. ಇವತ್ತು ದೇಶವೆಲ್ಲ ಹೇಳುವ ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ಕೇಂದ್ರದ್ದು. 1940ರ ದಶಕದ ಆರಂಭದಲ್ಲಿ ಅದನ್ನು ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯ ಬಂತು.

ಅಷ್ಟು ಹೊತ್ತಿಗೆ ಮಂಡ್ಯವೂ ಬೆಳೆದಿತ್ತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯಾಯಿತು. ನಾಲೆ ನೀರು, ಕಬ್ಬು, ಕಾರ್ಖಾನೆಯ ಬಟವಾಡೆ, ಕಚೇರಿಯ ಸಂಬಳ ಎಲ್ಲ ಒಂದೇ ಊರಿನಲ್ಲಿ ಕೂಡಿದವು. ಕಬ್ಬಿನ ದುಡ್ಡು ಕೈಗೆ ಬಂದ ವರ್ಷ ಮನೆಗೆ ಮೂರು ವಸ್ತು ಬರುತ್ತಿದ್ದವೆಂದು ಅಪ್ಪ ಹೇಳುತ್ತಿದ್ದರು: ಸೈಕಲ್ಲು, ಹೊಲಿಗೆ ಮಿಷನ್ನು, ರೇಡಿಯೋ. ಸೈಕಲ್ಲಿಗೆ ಪಂಕ್ಚರ್ ಅಂಗಡಿ ಇತ್ತು, ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡಲು ಎಲ್ಲರಿಗೂ ಬರುತ್ತಿತ್ತು. ರೇಡಿಯೋ ಕೆಟ್ಟರೆ ಮಾತ್ರ ಅದಕ್ಕೆಂದೇ ಒಬ್ಬ ಮನುಷ್ಯ ಬೇಕಾಗುತ್ತಿತ್ತು.

ಅಪ್ಪ ಆ ಮನುಷ್ಯನಾದದ್ದು ಮೈಸೂರಿನ ಅಂಗಡಿಯೊಂದರಲ್ಲಿ ಕೆಲಸ ಕಲಿತು. ಸಂಬಳವಿಲ್ಲ, ಊಟ ಮಾತ್ರ. 1960ರ ದಶಕದಲ್ಲಿ ಮಂಡ್ಯಕ್ಕೆ ಬಂದು ಒಂದು ಮಳಿಗೆ ಹಿಡಿದರು. ಮರ್ಫಿ, ಫಿಲಿಪ್ಸ್, ಬುಶ್, ನ್ಯಾಷನಲ್ ಎಕ್ಕೊ ಸೆಟ್ಟುಗಳು ಆಗಿನ ರಾಜರು. ಕರೆಂಟಿನ ಸೆಟ್ಟಿಗೆ ಸಾಮಾನ್ಯವಾಗಿ ಐದು ವಾಲ್ವು. ಇಸಿಎಚ್ 81, ಇಎಲ್ 84, ಇಝಡ್ 80 ಎಂಬ ಹೆಸರುಗಳು ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿದ್ದವು. ಹಳ್ಳಿಯ ಬ್ಯಾಟರಿ ಸೆಟ್ಟಿನ ವಾಲ್ವುಗಳೇ ಬೇರೆ. ಅವುಗಳ ಫಿಲಮೆಂಟಿಗೆ ಒಂದೂವರೆ ವೋಲ್ಟು ಸಾಕು, ಆದರೆ ಮೇಲೆ 90 ವೋಲ್ಟಿನ ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿ ಬೇಕು. ಅದು ತೀರಿದರೆ ಮುಂದಿನ ಬಟವಾಡೆವರೆಗೆ ಹಳ್ಳಿ ಮೌನ.

ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ನಾನು ಚಿಕ್ಕವನಿದ್ದಾಗ ವರ್ಷಕ್ಕೆ 15 ರೂಪಾಯಿ. ಸೆಟ್ಟು ರಿಪೇರಿಗೆ ತಂದವರು ಲೈಸೆನ್ಸ್ ಪುಸ್ತಕವನ್ನೂ ಜೊತೆಗೇ ತರುತ್ತಿದ್ದರು, ದನ ಮಾರಲು ಹೋಗುವವರು ರಸೀದಿ ತರುವ ಹಾಗೆ. 1980ರ ದಶಕದ ನಡುವಿನಲ್ಲಿ ಆ ಲೈಸೆನ್ಸ್ ಪದ್ಧತಿಯನ್ನು ಸರ್ಕಾರ ತೆಗೆದುಹಾಕಿತು.

ಅಪ್ಪ ಕಲಿಸಿದ ಪಾಠ

ಅಪ್ಪನ ಹತ್ತಿರ ಇದ್ದ ಸಲಕರಣೆ ಇಷ್ಟು: ಒಂದು ಮೀಟರು, ದಪ್ಪ ತುದಿಯ ಸೋಲ್ಡರಿಂಗ್ ಐರನ್, ಲೆಡ್ಡು, ಪೇಸ್ಟು, ಇಕ್ಕಳ, ಮರದ ಹಿಡಿಯ ಸ್ಕ್ರೂಡ್ರೈವರು. ಅದರಲ್ಲಿ ಹೆಚ್ಚು ಕೆಲಸ ಮಾಡುತ್ತಿದ್ದದ್ದು ಆ ಸ್ಕ್ರೂಡ್ರೈವರು.

ಸೆಟ್ಟು ಬಂದ ತಕ್ಷಣ ಅಪ್ಪ ಹಿಂದಿನ ರಟ್ಟು ಬಿಚ್ಚಿ, ಬಣ್ಣದ ಕುಂಚದಿಂದ ಧೂಳು ಕೊಡವಿ, ಕರೆಂಟು ಕೊಟ್ಟು ವಾಲ್ವು ಕೆಂಪಗಾಗುವವರೆಗೆ ಸುಮ್ಮನೆ ಕೂರುತ್ತಿದ್ದರು. ಆಮೇಲೆ ಸ್ಕ್ರೂಡ್ರೈವರಿನ ಕಬ್ಬಿಣದ ಮೇಲೆ ಒಂದು ಬೆರಳಿಟ್ಟು, ಅದರ ತುದಿಯನ್ನು ವಾಲ್ಯೂಮ್ ಕಂಟ್ರೋಲಿನ ನಡುಗಾಲಿಗೆ ಮುಟ್ಟಿಸುತ್ತಿದ್ದರು. ಇನ್ನೊಂದು ಕೈ ಬೆನ್ನ ಹಿಂದೆ. ಸೆಟ್ಟಿನೊಳಗೆ ಇನ್ನೂರೈವತ್ತು ವೋಲ್ಟು ಓಡಾಡುವಾಗ ಎರಡು ಕೈ ಹಾಕಬಾರದು ಎಂಬುದು ನಿಯಮ. ಸ್ಪೀಕರಿನಲ್ಲಿ ‘ಬುರ್’ ಎಂದು ದೊಡ್ಡ ಸದ್ದು ಬಂದರೆ, “ಈ ಕಡೆ ಜೀವ ಅದೆ. ಆ ಕಡೆ ನೋಡ್ಲಾ” ಅನ್ನುತ್ತಿದ್ದರು. ಅಂದರೆ ಸ್ಪೀಕರು, ಔಟ್‌ಪುಟ್ ಟ್ರಾನ್ಸ್‌ಫಾರ್ಮರು, ಔಟ್‌ಪುಟ್ ವಾಲ್ವು ಎಲ್ಲ ಸರಿಯಾಗಿವೆ. ಕೆಟ್ಟಿರುವುದು ಸ್ಟೇಷನ್ ಹಿಡಿಯುವ ಭಾಗ. ಸದ್ದು ಬಾರದಿದ್ದರೆ ಹಿಡಿಯುವ ಭಾಗದ ತಂಟೆಗೆ ಹೋಗುವ ಹಾಗೇ ಇಲ್ಲ. ಒಂದು ಮುಟ್ಟುವಿಕೆಯಲ್ಲಿ ಅರ್ಧ ಪೆಟ್ಟಿಗೆ ಪರೀಕ್ಷೆಯಾಯಿತು. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಹೀಗೆ ಸದ್ದು ಬರುವ ದಾರಿಯನ್ನು ತುಂಡು ತುಂಡಾಗಿ ನೋಡುತ್ತ ಹೋದರೆ ಕೊನೆಗೆ ಒಂದು ಕಂಡೆನ್ಸರೋ ಒಂದು ಒಣಗಿದ ಬೆಸುಗೆಯೋ ಸಿಕ್ಕೇ ಸಿಗುತ್ತದೆ. ಸದ್ದು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ? ರಿಪೇರಿಯವನು ಕೇಳಬೇಕಾದ ಪ್ರಶ್ನೆ ಅದೊಂದೇ ಎಂದು ಅವರು ನಂಬಿದ್ದರು.

ಇಷ್ಟು ಸಾಧ್ಯವಾದದ್ದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ನಾನು ಒತ್ತಿ ಹೇಳಬೇಕು. ಆಗ ಸೆಟ್ಟಿನ ಸರ್ಕ್ಯೂಟ್ ನಕ್ಷೆ ಗುಟ್ಟಾಗಿರಲಿಲ್ಲ. ಎಷ್ಟೋ ಸೆಟ್ಟುಗಳ ಪೆಟ್ಟಿಗೆಯೊಳಗೇ ಯಾವ ವಾಲ್ವು ಎಲ್ಲಿ ಎಂದು ತೋರಿಸುವ ಕಾಗದ ಅಂಟಿಸಿರುತ್ತಿದ್ದರು. ಕಂಪನಿಯ ಸರ್ವಿಸ್ ಶೀಟುಗಳು ಡೀಲರುಗಳ ಕೈಯಿಂದ ರಿಪೇರಿಯವರ ಕೈಗೆ ಬರುತ್ತಿದ್ದವು. ಅಪ್ಪ ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರು, ನಕ್ಷೆಯನ್ನು ಮಾತ್ರ ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದರು. ಆ ನಕ್ಷೆಗಳನ್ನು ರಟ್ಟಿಗೆ ಅಂಟಿಸಿ, ಮೂಲೆಗೆ ತೂತು ಮಾಡಿ, ಗೋಡೆಯ ಮೊಳೆಗೆ ನೇತುಹಾಕಿದ್ದರು.

ಗ್ಯಾರಂಟಿ ಕಾರ್ಡು ಆಗಲೂ ಇತ್ತು. ಡೀಲರಿನ ಮೊಹರು ಬಿದ್ದ ದಪ್ಪ ಕಾಗದ. ಆದರೆ ಮಂಡ್ಯದವರಿಗೆ ಅದಕ್ಕಿಂತ ಬೆಲೆ ಇದ್ದದ್ದು ರಿಪೇರಿಯವನ ಬಾಯಿಮಾತಿಗೆ. “ಆರು ತಿಂಗಳು ಇದು ನನ್ನ ಜವಾಬ್ದಾರಿ, ತಗೊಂಡೋಗಿ ಗೌಡ್ರೇ” ಎಂದರೆ ಮುಗಿಯಿತು. ಆರು ತಿಂಗಳೊಳಗೆ ಅದೇ ದೋಷ ಬಂದರೆ ಅಪ್ಪ ದುಡ್ಡು ಮುಟ್ಟುತ್ತಿರಲಿಲ್ಲ. ತೆಗೆದ ಹಳೆಯ ಬಿಡಿಭಾಗವನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡುತ್ತಿದ್ದರು. ಏನು ಕೆಟ್ಟಿತ್ತು, ಏನು ಹಾಕಿದ್ದೇವೆ ಎಂಬುದು ಗಿರಾಕಿಗೆ ಕಾಣಬೇಕು.

ಟ್ರಾನ್ಸಿಸ್ಟರು, ಟೇಪು, ಮೈಕು

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ನಮ್ಮ ಹಳ್ಳಿಗಳಿಗೆ ಬಂದ ದಾರಿಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ಮಾಡತೊಡಗಿತು. ಎಸಿ 127, ಎಸಿ 128 ಜೋಡಿ ಅಪ್ಪನ ಮೇಜಿನ ಡಬ್ಬಿಯಲ್ಲಿ ಯಾವಾಗಲೂ ಇರುತ್ತಿತ್ತು. 90 ವೋಲ್ಟಿನ ಬ್ಯಾಟರಿಯ ಕಾಲ ಮುಗಿದು, ಅಂಗಡಿಯಲ್ಲಿ ಸಿಗುವ ಸಾಧಾರಣ ಟಾರ್ಚ್ ಸೆಲ್ಲಿನಲ್ಲೇ ರೇಡಿಯೋ ಹಾಡಿತು. ಗದ್ದೆಯ ಬದುವಿನ ಮೇಲೆ, ಆಲೆಮನೆಯ ಕೊಪ್ಪರಿಗೆಯ ಪಕ್ಕದಲ್ಲಿ, ಕಬ್ಬಿನ ಗಾಡಿಯ ಮೂಕಿಗೆ ನೇತುಬಿದ್ದು ಚಿತ್ರಗೀತೆ, ಪ್ರದೇಶ ಸಮಾಚಾರ, ಕೃಷಿರಂಗ ಕೇಳಿಸಿದವು. ಆಲೆಮನೆಯಿಂದ ಬಂದ ಸೆಟ್ಟನ್ನು ಬಿಚ್ಚಿದರೆ ಒಳಗೆ ಇರುವೆಯ ಸಾಲು. ಬೆಲ್ಲದ ಕೈಯಲ್ಲಿ ತಿರುಗಿಸಿದ ಗುಂಡಿಯ ಸಂದಿನಿಂದ ಸಿಹಿ ಒಳಗಿಳಿದು ಬ್ಯಾಂಡ್ ಸ್ವಿಚ್ಚು ಅಂಟಿಕೊಂಡಿರುತ್ತಿತ್ತು. ಬಿಡಿಭಾಗ ಬೇಕೆಂದರೆ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು. ಮಳವಳ್ಳಿಗೆ ರೈಲೇ ಇಲ್ಲವಾದ್ದರಿಂದ ಅಲ್ಲಿಯ ರಿಪೇರಿಯವರು ತಮ್ಮ ಚೀಟಿಯನ್ನು ಮದ್ದೂರಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದರು. ಒಬ್ಬ ಹೋದರೆ ಮೂರು ಊರಿನ ಸಾಮಾನು ತರುತ್ತಿದ್ದ.

ನಾನು ಮದ್ದೂರಿನಲ್ಲಿ ಅಂಗಡಿ ಹಾಕಿದ ಹೊತ್ತಿಗೆ ಕ್ಯಾಸೆಟ್ಟಿನ ಕಾಲ. 1963ರಲ್ಲಿ ಫಿಲಿಪ್ಸ್ ತಂದ ಆ ಪುಟ್ಟ ಡಬ್ಬಿ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆ ಮನೆಮನೆಗೆ ಹೋಯಿತು. ನಮ್ಮ ಕಡೆ ಅದಕ್ಕಿಂತ ಹೆಚ್ಚು ತಿರುಗಿದ್ದು ಜನಪದ ಕಥೆಗಳ ಕ್ಯಾಸೆಟ್ಟು. ಮಳವಳ್ಳಿ ಮಹದೇವಸ್ವಾಮಿಯವರು ಹಾಡಿದ ಮಾದಪ್ಪನ ಕಥೆಗಳನ್ನು ಕೇಳಿ ಕೇಳಿ ಟೇಪು ಸವೆದು ಹೋದ ಮನೆಗಳನ್ನು ನಾನು ಕಂಡಿದ್ದೇನೆ. ರಾತ್ರಿಯಿಡೀ ಕಂಸಾಳೆಯವರು ಕೂತು ಹಾಡುವ ಕಥೆ ಬೇಕಾದ ಹೊತ್ತಿಗೆ ಮನೆಯ ಜಗುಲಿಯಲ್ಲೇ ಕೇಳಿಸುವುದೆಂದರೆ ಆ ತಲೆಮಾರಿನ ಮುದುಕಿಯರಿಗೆ ಅದು ದೇವರು ಮನೆಗೆ ಬಂದಷ್ಟೇ ಸಂತೋಷ. ಹೆಡ್ಡಿನ ಮೇಲೆ ಕಂದು ಪುಡಿ ಕೂತು ಹಾಡು ಮಂಕಾದರೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದರೆ ಸಾಕು. ಹಾಡು ಎಳೆದೆಳೆದು ಬಂದರೆ ಬೆಲ್ಟು ಸಡಿಲವಾಗಿದೆ, ಟೇಪು ನುಂಗುತ್ತಿದ್ದರೆ ಪಿಂಚ್ ರೋಲರು ಸವೆದಿದೆ. ಇಲ್ಲೂ ಪ್ರಶ್ನೆ ಅದೇ.

ಮಳವಳ್ಳಿಯ ಭಾವನ ಮೈಕ್ ಸೆಟ್ಟು ಹಬ್ಬ, ಮದುವೆ, ಎಲೆಕ್ಷನ್ ಮೂರಕ್ಕೂ ಹೋಗುತ್ತಿತ್ತು. ಅಹುಜಾ ಆಂಪ್ಲಿಫೈಯರು, ತೆಂಗಿನ ಮರಕ್ಕೆ ಕಟ್ಟುವ ಹಾರನ್ನು. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜು ಕುಸಿದು ಸದ್ದು ಗೊಗ್ಗರಾಗುತ್ತಿತ್ತು. ಪಂಪು ನಿಂತ ತಕ್ಷಣ ವೋಲ್ಟೇಜು ಏರಿ ಫ್ಯೂಸು ಹಾರುತ್ತಿತ್ತು. ಸ್ಟೆಬಿಲೈಜರ್ ಕಟ್ಟುವುದು, ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಹೊಸ ತಂತಿ ಸುತ್ತುವುದು ನಮ್ಮ ಮೂರು ತಾಲ್ಲೂಕಿನ ರಿಪೇರಿಯವರು ಹೊಟ್ಟೆಪಾಡಿಗೆ ಕಲಿತ ವಿದ್ಯೆ.

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಶುರುವಾಯಿತು. 1987ರ ಜನವರಿಯಲ್ಲಿ ‘ರಾಮಾಯಣ’ ಬಂದ ಮೇಲೆ ಶನಿವಾರ ರಾತ್ರಿ ನನ್ನ ಅಂಗಡಿಗೆ ಬಾಗಿಲಿರಲಿಲ್ಲ. ಭಾನುವಾರ ಬೆಳಿಗ್ಗೆಯೊಳಗೆ ಸೆಟ್ಟು ಸರಿಯಾಗಬೇಕು; ಒಂದು ಟಿವಿಯ ಮುಂದೆ ಇಡೀ ಬೀದಿ ಕೂರುತ್ತಿತ್ತು.

ಅದೇ ಕಾಲದಲ್ಲಿ, 1986ರ ಡಿಸೆಂಬರ್ 24ರಂದು, ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆಗೊಂದು ಗ್ರಾಹಕರ ವೇದಿಕೆ ಬಂತು. ಕೊಂಡ ವಸ್ತು ಕೆಟ್ಟರೆ, ಕೊಟ್ಟ ಮಾತಿನಂತೆ ರಿಪೇರಿ ಮಾಡಿಕೊಡದಿದ್ದರೆ, ಸಾಮಾನ್ಯ ಮನುಷ್ಯ ವಕೀಲನಿಲ್ಲದೆ ಹೋಗಿ ಕೇಳಬಹುದು ಎಂದಾಯಿತು. ಅಪ್ಪ ಆ ಸುದ್ದಿ ಓದಿ, “ನಾವು ಬಾಯಲ್ಲಿ ಯೋಳೋದ್ನ ಇವರು ಕಾಗ್ದದಲ್ಲಿ ಬರೆದವ್ರೆ, ಒಳ್ಳೇದಾಯ್ತು” ಎಂದದ್ದು ನನಗೆ ನೆನಪಿದೆ.

ಮುಚ್ಚಿದ ಪೆಟ್ಟಿಗೆ

ಕಂಪ್ಯೂಟರು ನಮ್ಮ ಊರುಗಳಿಗೆ ಬಂದಾಗ ಮೊದಲು ಅದು ಆಫೀಸಿನ ವಸ್ತು. ಡಿ.ಟಿ.ಪಿ. ಅಂಗಡಿ, ಬ್ಯಾಂಕು, ಮಂಡ್ಯದ ಇಂಜಿನಿಯರಿಂಗ್ ಕಾಲೇಜು. ಸದ್ದು ಅದಕ್ಕೆ ಮುಖ್ಯವಾಗಿರಲಿಲ್ಲ. ಸೌಂಡ್ ಕಾರ್ಡು ಬೇರೆಯಾಗಿ ಕೊಂಡು ಸಿಕ್ಕಿಸುವ ಹಲಗೆಯಾಗಿತ್ತು. ಆಮೇಲೆ ಅದು ಮದರ್‌ಬೋರ್ಡಿನೊಳಗೇ ಒಂದು ಪುಟ್ಟ ಚಿಪ್ಪಾಗಿ ಸೇರಿಕೊಂಡಿತು. 2004ರಲ್ಲಿ ಇಂಟೆಲ್ ತಂದ ಹೈ ಡೆಫಿನಿಷನ್ ಆಡಿಯೋ ಪದ್ಧತಿಯೇ ಇವತ್ತಿಗೂ ಎಷ್ಟೋ ಲ್ಯಾಪ್‌ಟಾಪಿನಲ್ಲಿದೆ. ಚಿಪ್ಪು ಬಹಳ ಮಟ್ಟಿಗೆ ತೈವಾನಿನ ರಿಯಲ್‌ಟೆಕ್‌ನದು.

ಸರ್ಕಾರ ಡಿಗ್ರಿ ಕಾಲೇಜಿನ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಪಾಠವೆಲ್ಲ ಆನ್‌ಲೈನ್‌ಗೆ ಹೋಯಿತು. ಆಗ ಸದ್ದು ಕೆಟ್ಟ ಲ್ಯಾಪ್‌ಟಾಪು ಎಂದರೆ ಮೇಷ್ಟ್ರಿಲ್ಲದ ತರಗತಿ. ಹಲಗೂರು, ಕಿರುಗಾವಲು, ಕೆ.ಎಂ. ದೊಡ್ಡಿ ಕಡೆಯಿಂದ ಹುಡುಗರು ಬೈಕಿನಲ್ಲಿ ಬಂದು, ಅರ್ಧ ತೆರೆದ ಬಾಗಿಲಿನಲ್ಲಿ ನಿಂತು, “ಅಣ್ಣ, ಸೌಂಡೇ ಬತ್ತಾ ಇಲ್ಲ ಕಣಣ್ಣ, ನಾಳೆ ಇಂಟರ್ನಲ್ಸ್ ಅದೆ” ಎನ್ನುತ್ತಿದ್ದರು.

ನಾನು ಅವರಿಗೆ ಮಾಡಿದ್ದು ಅಪ್ಪ ಕಲಿಸಿದ್ದನ್ನೇ. ಲ್ಯಾಪ್‌ಟಾಪಿನಲ್ಲಿ ಸದ್ದಿನ ದಾರಿ ಹೀಗೆ: ಹಾಡಿನ ಫೈಲು, ಅದನ್ನು ಬಿಡಿಸುವ ಪ್ರೋಗ್ರಾಮು, ವಿಂಡೋಸ್, ಡ್ರೈವರ್, ಕೋಡೆಕ್ ಚಿಪ್ಪು, ಆಂಪ್ಲಿಫೈಯರ್, ಜ್ಯಾಕು, ಸ್ಪೀಕರು. ಅರ್ಧಕ್ಕೆ ಕತ್ತರಿಸಬೇಕು. ಹೆಡ್‌ಫೋನ್ ಸಿಕ್ಕಿಸಿದರೆ ಅದರಲ್ಲಿ ಸದ್ದು ಬರುತ್ತದೆಯೇ? ಬಂದರೆ ವಿಂಡೋಸೂ ಡ್ರೈವರೂ ಚಿಪ್ಪೂ ಸರಿ. ದೋಷ ಜ್ಯಾಕಿನಲ್ಲಿ, ಸ್ಪೀಕರಿನಲ್ಲಿ ಅಥವಾ ಅದರ ತಂತಿಯಲ್ಲಿ. ಹೆಡ್‌ಫೋನಿನಲ್ಲೂ ಬಾರದಿದ್ದರೆ ಮ್ಯೂಟ್ ಕೀಲಿ ಒತ್ತಿದೆಯೋ, ಸದ್ದು ಎಚ್‌ಡಿಎಂಐ ಕಡೆಗೋ ಬ್ಲೂಟೂತ್ ಕಡೆಗೋ ಹೋಗುತ್ತಿದೆಯೋ ನೋಡಬೇಕು. ವಿಂಡೋಸ್ ಅಪ್‌ಡೇಟ್ ಆದ ಮರುದಿನ ಸದ್ದು ಹೋಗಿದ್ದರೆ ಡ್ರೈವರನ್ನು ತೆಗೆದು, ತಯಾರಕರ ತಾಣದಿಂದ ಅದೇ ಮಾಡೆಲ್ಲಿನ ಡ್ರೈವರ್ ಹಾಕಬೇಕು. ಇಷ್ಟಾದರೂ ಅನುಮಾನ ಉಳಿದರೆ ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಆನ್ ಮಾಡುತ್ತೇನೆ. ಒಳಗಿನ ವಿಂಡೋಸನ್ನು ಮುಟ್ಟುವ ಅಗತ್ಯವಿಲ್ಲ. ಲಿನಕ್ಸಿನಲ್ಲಿ ಹಾಡು ಬಂದರೆ ಯಂತ್ರ ಸರಿಯಿದೆ, ವಿಂಡೋಸಿನ ವ್ಯವಸ್ಥೆ ಕೆಟ್ಟಿದೆ. ಅಪ್ಪನ ಸ್ಕ್ರೂಡ್ರೈವರು ವಾಲ್ಯೂಮ್ ಕಂಟ್ರೋಲನ್ನು ಮುಟ್ಟಿ ಮಾಡುತ್ತಿದ್ದ ಕೆಲಸವನ್ನು ಈಗ ಈ ಪೆನ್‌ಡ್ರೈವ್ ಮಾಡುತ್ತದೆ.

ಸ್ಪೀಕರಿನ ಪರೀಕ್ಷೆಯಂತೂ ಒಂದಿಷ್ಟೂ ಬದಲಾಗಿಲ್ಲ. ಬೋರ್ಡಿನಿಂದ ಸ್ಪೀಕರಿನ ತಂತಿ ಕಳಚಿ, ಅದರ ಎರಡು ತುದಿಯನ್ನು ಒಂದೂವರೆ ವೋಲ್ಟಿನ ಸೆಲ್ಲಿಗೆ ಕ್ಷಣ ತಾಗಿಸಿದರೆ ‘ಟಕ್’ ಎನ್ನಬೇಕು. ಎಂದರೆ ಸ್ಪೀಕರು ಬದುಕಿದೆ. ಮರ್ಫಿಯ ಎಂಟು ಇಂಚಿನ ಸ್ಪೀಕರಿಗೂ ಲ್ಯಾಪ್‌ಟಾಪಿನ ಬೆರಳುದ್ದದ ಸ್ಪೀಕರಿಗೂ ಅದೇ ಪರೀಕ್ಷೆ. ಜ್ಯಾಕಿನ ಕಥೆಯೂ ಅಷ್ಟೇ. ಹಳೆಯ ಟ್ರಾನ್ಸಿಸ್ಟರಿನಲ್ಲಿ ಇಯರ್‌ಫೋನ್ ಚುಚ್ಚಿದರೆ ಒಳಗಿನ ಹಿತ್ತಾಳೆ ಎಲೆ ಸರಿದು ಸ್ಪೀಕರಿನ ತಂತಿ ಕಡಿದುಹೋಗುತ್ತಿತ್ತು. ಎಲೆ ಬಾಗಿ ಹಾಗೇ ನಿಂತರೆ ಇಯರ್‌ಫೋನ್ ತೆಗೆದರೂ ಸ್ಪೀಕರ್ ಮೂಕ. ಲ್ಯಾಪ್‌ಟಾಪಿನ ಜ್ಯಾಕಿನಲ್ಲೂ ಅಂಥ ಎಲೆ ಇದೆ. ಅದು ತಂತಿ ಕಡಿಯುವ ಬದಲು ‘ಹೆಡ್‌ಫೋನ್ ಬಂದಿದೆ’ ಎಂದು ಚಿಪ್ಪಿಗೆ ಹೇಳುತ್ತದೆ, ಚಿಪ್ಪು ಸ್ಪೀಕರನ್ನು ಸುಮ್ಮನಾಗಿಸುತ್ತದೆ. ಎಲೆ ಬಾಗಿದರೆ, ಧೂಳು ಕೂತರೆ, ಏನೂ ಸಿಕ್ಕಿಸದಿದ್ದರೂ ಪರದೆಯ ಮೇಲೆ ಹೆಡ್‌ಫೋನಿನ ಚಿತ್ರ.

ತಂಗಿಯ ಮಗಳ ಲ್ಯಾಪ್‌ಟಾಪ್

ನನ್ನ ತಂಗಿಯ ಮಗಳ ಲ್ಯಾಪ್‌ಟಾಪಿಗೆ ಆದದ್ದು ಇದೇ. ಕೊಂಡು ವರ್ಷ ತುಂಬಿರಲಿಲ್ಲ. “ಮಾವ, ನೀವೇ ಬಿಚ್ಚಿ ಮಾಡ್ಕೊಡಿ” ಎಂದಳು. ನಾನು ಹೊರಗಿನಿಂದ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಹೆಡ್‌ಫೋನಿನಲ್ಲಿ ಹಾಡು ಚೆನ್ನಾಗಿತ್ತು. ಲಿನಕ್ಸಿನಲ್ಲೂ ಏನೂ ಸಿಕ್ಕಿಸದೆ ಹೆಡ್‌ಫೋನ್ ಇದೆ ಎಂದೇ ತೋರಿಸಿತು. ಪ್ಲಗ್ಗನ್ನು ಹಾಕಿ ತೆಗೆದು ಒಂದು ಕಡೆಗೆ ಒತ್ತಿ ಹಿಡಿದರೆ ಒಂದು ಕ್ಷಣ ಸ್ಪೀಕರ್ ಮಾತಾಡಿ ಮತ್ತೆ ನಿಲ್ಲುತ್ತಿತ್ತು. ಜ್ಯಾಕಿನ ಎಲೆ ಕೆಟ್ಟಿರುವುದು ಸ್ಪಷ್ಟ. ಆ ಜ್ಯಾಕಿನ ಬೆಲೆ ಒಂದು ಊಟದ ದುಡ್ಡು. ಆದರೆ ನಾನು ಬಿಚ್ಚಲಿಲ್ಲ. “ವಾರಂಟಿ ಇರೋ ತಂಕ ನಾನು ಸ್ಕ್ರೂ ಮುಟ್ಟಬಾರ್ದು ಕಣವ್ವ. ಮುಟ್ಟಿದ್ರೆ ಆಮೇಲೆ ಬರೋ ದೋಷಕ್ಕೆಲ್ಲ ನನ್ನ ಕೈ ತೋರಿಸ್ತಾರೆ” ಎಂದು ಹೇಳಿ, ಪರೀಕ್ಷೆಯ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ.

ಸರ್ವಿಸ್ ಸೆಂಟರ್ ಇದ್ದದ್ದು ದೊಡ್ಡ ಊರಿನಲ್ಲಿ. ಅಲ್ಲಿ ಆ ಹಾಳೆಯನ್ನು ಯಾರೂ ಓದಲಿಲ್ಲ. ಜಾಬ್ ಶೀಟಿನಲ್ಲಿ ‘ಸೌಂಡ್ ಪ್ರಾಬ್ಲಂ’ ಎಂದಷ್ಟೇ ಬರೆದುಕೊಂಡು, ವಾರದ ಮೇಲೆ ವಿಂಡೋಸ್ ಹೊಸದಾಗಿ ಹಾಕಿ ಕಳಿಸಿದರು. ಹುಡುಗಿ ಬರೆದಿಟ್ಟಿದ್ದ ಪ್ರಾಜೆಕ್ಟ್ ಕೆಲಸ ಅಳಿಸಿಹೋಗಿತ್ತು. ಸದ್ದು ಬಂದಿರಲಿಲ್ಲ. ಆ ದಿನ ಅವಳ ಮುಖ ನೋಡಿ ನನಗಾದ ಸಂಕಟ ದೊಡ್ಡದು. ಮುಂದಿನ ಸಲ ನಾನೇ ಜೊತೆಗೆ ಹೋದೆ. ದೋಷ ಕೌಂಟರಿನ ಮುಂದೆಯೇ ತೋರಿಸಿದೆವು, ಮೊಬೈಲಿನಲ್ಲಿ ವಿಡಿಯೋ ತೆಗೆದೆವು, ‘ಹೆಡ್‌ಫೋನ್ ಇಲ್ಲದೆಯೂ ಹೆಡ್‌ಫೋನ್ ತೋರಿಸುತ್ತದೆ, ಜ್ಯಾಕ್ ಪರೀಕ್ಷಿಸಿ’ ಎಂದು ಜಾಬ್ ಶೀಟಿನಲ್ಲೇ ಬರೆಸಿದೆವು, ಅದೇ ವಿವರವನ್ನು ಕಂಪನಿಗೆ ಇ-ಮೇಲ್ ಮಾಡಿದೆವು. ಜ್ಯಾಕು ಬೋರ್ಡಿಗೇ ಬೆಸೆದದ್ದಾದ್ದರಿಂದ ಇಡೀ ಬೋರ್ಡನ್ನೇ ಬದಲಿಸಿಕೊಟ್ಟರು. ದುಡ್ಡು ಕೇಳಲಿಲ್ಲ. ವಾರಂಟಿ ಮುಗಿದ ಮೇಲೆ ಬಂದಿದ್ದರೆ ಆ ಬೋರ್ಡಿನ ಬೆಲೆ ಲ್ಯಾಪ್‌ಟಾಪಿನ ಅರ್ಧ ಬೆಲೆಗೆ ಹತ್ತಿರವಾಗುತ್ತಿತ್ತು.

ಊಟದ ದುಡ್ಡಿನ ಜ್ಯಾಕಿಗಾಗಿ ಇಡೀ ಬೋರ್ಡು ಕಸಕ್ಕೆ ಹೋಗುವುದನ್ನು ನಮ್ಮಪ್ಪನ ಕಾಲದ ಯಾವ ರಿಪೇರಿಯವನೂ ಒಪ್ಪುತ್ತಿರಲಿಲ್ಲ. ಸರ್ವಿಸ್ ಸೆಂಟರಿನ ಹುಡುಗರನ್ನು ನಾನು ದೂರುವುದಿಲ್ಲ. ಅವರಿಗೆ ಕೊಟ್ಟಿರುವ ಅಧಿಕಾರ ಬೋರ್ಡು ಬದಲಿಸುವಷ್ಟೇ. ನಕ್ಷೆ ಅವರ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ.

ನಕ್ಷೆ ಮತ್ತೆ ಗೋಡೆಗೆ ಬರಲಿ

ನಮ್ಮ ಕಸುಬಿನ ಆರು ದಶಕವನ್ನು ಹಿಂತಿರುಗಿ ನೋಡಿದರೆ ನನಗೆ ಒಂದು ಸಂಗತಿ ಖಚಿತವಾಗಿ ಕಾಣುತ್ತದೆ. ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂದಾಗ ನಾವು ಕಲಿತೆವು. ಟೇಪು ಬಂದಾಗ, ಟಿವಿ ಬಂದಾಗ, ಮೊಬೈಲು ಬಂದಾಗ ಕಲಿತೆವು. ಯಂತ್ರ ಕಷ್ಟವಾಯಿತೆಂದು ಮಂಡ್ಯ, ಮದ್ದೂರು, ಮಳವಳ್ಳಿಯ ಯಾವ ರಿಪೇರಿಯವನೂ ಅಂಗಡಿ ಮುಚ್ಚಲಿಲ್ಲ. ಚಿಕ್ಕ ಚಿಪ್ಪನ್ನು ಬಿಸಿಗಾಳಿಯಿಂದ ಬಿಡಿಸಿ ಕೂರಿಸುವ ಕೆಲಸವನ್ನು ಮದ್ದೂರಿನ ಇಪ್ಪತ್ತೆರಡರ ಹುಡುಗ ಇವತ್ತು ಸಲೀಸಾಗಿ ಮಾಡುತ್ತಾನೆ. ನಮ್ಮ ಕೈ ಕಟ್ಟಿರುವುದು ನಕ್ಷೆ ಸಿಗದಿರುವುದು, ಅಸಲಿ ಬಿಡಿಭಾಗ ಸಿಗದಿರುವುದು, ‘ಬಿಚ್ಚಿದರೆ ವಾರಂಟಿ ಹೋಯಿತು’ ಎಂಬ ಬೆದರಿಕೆ.

ಈ ಗಂಟನ್ನು ಬಿಚ್ಚುವ ಪ್ರಯತ್ನ ಬೇರೆ ಕಡೆ ನಡೆದಿದೆ. ಅಮೆರಿಕದ 1975ರ ವಾರಂಟಿ ಕಾನೂನು, ತನ್ನದೇ ಬ್ರಾಂಡಿನ ಬಿಡಿಭಾಗ ಹಾಕಿದರೆ ಮಾತ್ರ ವಾರಂಟಿ ಎಂದು ಕಂಪನಿ ಹೇಳುವುದನ್ನು ತಡೆಯುತ್ತದೆ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂದು ಅಂಕ ಕೊಟ್ಟು ತೋರಿಸಬೇಕು. 2024ರಲ್ಲಿ ಯುರೋಪಿಯನ್ ಒಕ್ಕೂಟ ರಿಪೇರಿಯ ಹಕ್ಕಿಗಾಗಿಯೇ ನಿರ್ದೇಶನ ಹೊರಡಿಸಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಆರಂಭಿಸಿತು. ಬಾಗಿಲು ಸ್ವಲ್ಪ ತೆರೆದಿದೆ. ಪೂರ್ತಿ ತೆರೆಯಬೇಕಾದರೆ ನಕ್ಷೆ ಮತ್ತು ಬಿಡಿಭಾಗ ಕೊಡುವುದನ್ನು ಕಾನೂನು ಕಡ್ಡಾಯ ಮಾಡಬೇಕು.

ಗ್ರಾಹಕರಿಗಂತೂ ಇವತ್ತು ಕಾನೂನಿನ ಬಲ ಅಪ್ಪನ ಕಾಲಕ್ಕಿಂತ ಹೆಚ್ಚಿದೆ. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಾಯಿತು. ಅದರ ಪ್ರಕಾರ ತಾನು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಲ್ಯಾಪ್‌ಟಾಪ್ ಬೆಂಗಳೂರಿನಲ್ಲಿ ಕೊಂಡಿದ್ದರೂ, ಆನ್‌ಲೈನಿನಲ್ಲಿ ತರಿಸಿದ್ದರೂ, ಮಳವಳ್ಳಿಯ ಹುಡುಗಿ ಮಂಡ್ಯದ ಜಿಲ್ಲಾ ಆಯೋಗದಲ್ಲೇ ಕೇಳಬಹುದು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಹೋಗಬೇಕು. ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಇದಕ್ಕೆಲ್ಲ ಬೇಕಾದದ್ದು ಬಿಲ್ಲು, ಜಾಬ್ ಶೀಟು, ದೋಷವನ್ನು ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ಬರೆದ ಕಾಗದ. ಸರ್ವಿಸ್‌ಗೆ ಕೊಡುವ ಮುನ್ನ ನಿಮ್ಮ ಫೈಲುಗಳನ್ನು ಬೇರೆ ಡ್ರೈವಿನಲ್ಲಿ ತೆಗೆದಿಡಿ. ‘ಸೌಂಡ್ ಪ್ರಾಬ್ಲಂ’ ಎಂದು ಬರೆಯಲು ಬಿಡಬೇಡಿ. ಹೆಡ್‌ಫೋನಿನಲ್ಲಿ ಬರುತ್ತದೆಯೋ ಇಲ್ಲವೋ, ಯಾವಾಗಿನಿಂದ, ಏನು ಮಾಡಿದಾಗ ಎಂದು ಬರೆಸಿ, ಓದಿ, ಆಮೇಲೆ ಸಹಿ ಹಾಕಿ.

ನನಗೆ ಇನ್ನೊಂದು ಆಸೆ ಇದೆ. ನಮ್ಮ ಜಿಲ್ಲೆಯ ಐ.ಟಿ.ಐ., ಪಾಲಿಟೆಕ್ನಿಕ್‌ಗಳು ಹಳೆಯ ರಿಪೇರಿಯವರನ್ನು ಕರೆಸಿ, ದೋಷ ಹುಡುಕುವ ಈ ಅರ್ಧ ಮಾಡುವ ವಿದ್ಯೆಯನ್ನು ಮಕ್ಕಳಿಗೆ ಕೈಯಾರೆ ಮಾಡಿಸಿ ಕಲಿಸಬೇಕು. ಕರೆದರೆ ನಾನು ದುಡ್ಡು ಕೇಳದೆ ಹೋಗುತ್ತೇನೆ, ನನ್ನ ಹಾಗೆ ಹೋಗುವವರು ಇನ್ನೂ ಇದ್ದಾರೆ. ಶಿವನಸಮುದ್ರದ ಕರೆಂಟು ನಮ್ಮ ತಲೆಯ ಮೇಲೆ ಹಾದು ಬೇರೆ ಊರಿಗೆ ಹೋದ ಹಾಗೆ, ರಿಪೇರಿಯ ಜ್ಞಾನವೂ ನಮ್ಮ ಊರು ದಾಟಿ ದೂರದ ಯಾವುದೋ ಕಂಪನಿಯ ಕಪಾಟಿನಲ್ಲಿ ಸೇರಿಕೊಳ್ಳಬಾರದು. ಒಂದು ಜ್ಯಾಕು ಕೆಟ್ಟರೆ ಅದನ್ನು ಮಳವಳ್ಳಿಯಲ್ಲೇ, ಮಳವಳ್ಳಿಯವರೇ, ಕಾನೂನಿನ ಒಪ್ಪಿಗೆಯಿಂದ, ಗಿರಾಕಿಯ ಕಣ್ಣೆದುರೇ ಬದಲಿಸುವ ದಿನ ಬರಬೇಕು. ಅದಕ್ಕೆ ಬೇಕಾದ ಕೈಗಳು ನಮ್ಮಲ್ಲಿ ತಯಾರಿವೆ.